ಪ್ಲೋನಿಯನ್ನು ಬೀಳ್ಕೊಡದ ಗಿರಣಿ

ನಮ್ಮೂರಿನ ಗಾಳಿಗಿರಣಿಯ ಚಿತ್ರ ಈಗ ಬಿಸ್ಕತ್ತಿನ ಡಬ್ಬಿಯ ಮೇಲೂ ಇದೆ. ಬೇಸಿಗೆ ಬಂತೆಂದರೆ ಬಸ್ಸುಗಟ್ಟಲೆ ಜನ ಬಂದಿಳಿಯುತ್ತಾರೆ. ಏರಿಯ ಮೇಲೆ ಸಾಲಾಗಿ ನಿಂತು ಕ್ಯಾಮೆರಾ ಹಿಡಿಯುತ್ತಾರೆ, ಎಷ್ಟು ಚಂದ ಎಂದು ಹೇಳಿ ಹೊರಟುಹೋಗುತ್ತಾರೆ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಇಲ್ಲ, ಸುಳ್ಳೇಕೆ ಹೇಳಲಿ, ಸ್ವಲ್ಪ ಇದೆ. ಹೋದ ವರ್ಷ ಒಬ್ಬಾಕೆ ನನ್ನನ್ನೇ ಹಿಡಿದು ನಿಲ್ಲಿಸಿ, ‘ಅಜ್ಜಿ, ಇದ್ರೊಳಗೆ ಯಾರಾದ್ರೂ ಮನೆ ಮಾಡ್ಕೊಂಡಿದ್ರಾ?’ ಎಂದು ಕೇಳಿದಳು. ಇದ್ದಳಮ್ಮ, ಮಾಯ್ಕೆ ಅಂತ ಒಬ್ಬಳು, ಎಂದು ಶುರುಮಾಡಿದೆ. ಆಕೆಗೆ ಬಸ್ಸಿನ ಹೊತ್ತಾಗಿತ್ತು. ಅವಳಿಗೆ ಹೇಳಬೇಕೆಂದಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ನದಿಗಿಂತ ತಗ್ಗಿನಲ್ಲಿರುವ ನೆಲ. ಇಲ್ಲಿ ಬಿದ್ದ ಮಳೆನೀರು ತಾನಾಗಿ ಎಲ್ಲಿಗೂ ಹರಿದುಹೋಗುವುದಿಲ್ಲ. ಅದನ್ನು ಎತ್ತಿ ಏರಿಯಾಚೆಯ ನದಿಗೆ ಚೆಲ್ಲಬೇಕು. ನಾನು ಚಿಕ್ಕವಳಿದ್ದಾಗ ಆ ಕೆಲಸಕ್ಕೆ ಇದ್ದುದು ಈ ಒಂದೇ ಗಿರಣಿ. ಹಿಟ್ಟು ಬೀಸುವ ಗಿರಣಿಯಲ್ಲ, ನೀರೆತ್ತುವ ಗಿರಣಿ. ಅದನ್ನು ನೋಡಿಕೊಳ್ಳುತ್ತಿದ್ದವನು ಬಾಸ್ತಿಯಾನ್. ಬಾಯಿಬಿಟ್ಟರೆ ಮುತ್ತು ಉದುರೀತು ಎನ್ನುವಂಥ ಮನುಷ್ಯ. ಅವನ ಪಾಲಿನ ಮಾತನ್ನೂ ಸೇರಿಸಿ ಆಡುತ್ತಿದ್ದವಳು ಅವನ ಹೆಂಡತಿ ಮಾಯ್ಕೆ. ಊರಿನ ಮಕ್ಕಳಿಗೆಲ್ಲ ಅವಳು ಮಾಯ್ಕತ್ತೆ. ಅವರಿಗೆ ಇದ್ದದ್ದು ಒಬ್ಬಳೇ ಮಗಳು, ಪ್ಲೋನಿ. ಅವಳೂ ನಾನೂ ಒಂದೇ ವರ್ಷ ಹುಟ್ಟಿದವರು, ಶಾಲೆಯಲ್ಲಿ ಒಂದೇ ಬೆಂಚು. ಶಾಲೆ ಬಿಟ್ಟ ಮೇಲೆ ನಾನು ನಮ್ಮ ಮನೆಗಿಂತ ಗಿರಣಿಮನೆಯಲ್ಲೇ ಹೆಚ್ಚು ಇರುತ್ತಿದ್ದೆ.

ಗಿರಣಿಯ ಕೆಳಭಾಗವೇ ಅವರ ಮನೆ, ಅದಕ್ಕೆ ಎದುರುಬದುರಾಗಿ ಎರಡು ಬಾಗಿಲು. ಗಾಳಿ ಯಾವ ಕಡೆಯಿಂದ ಬರುತ್ತದೋ ಆ ಕಡೆಗೆ ಗಿರಣಿಯ ಮುಖ ತಿರುಗಿಸಬೇಕು. ರೆಕ್ಕೆಗಳು ಒಂದು ಬಾಗಿಲ ಮುಂದೆ ಬೀಸುತ್ತಿದ್ದರೆ ಮನೆಯವರು ಇನ್ನೊಂದರಲ್ಲಿ ಓಡಾಡುತ್ತಾರೆ. ರೆಕ್ಕೆ ನೆಲಕ್ಕೆ ಒಂದು ಮೊಳ ಬಿಟ್ಟು ಹಾದುಹೋಗುತ್ತದೆ, ಸಿಕ್ಕಿದವರು ಉಳಿಯುವುದಿಲ್ಲ. ಗಿರಣಿಮನೆಯ ತಾಯಂದಿರು ನಡೆಯಲು ಕಲಿತ ಕೂಸನ್ನು ಅಂಗಳದ ಗೂಟಕ್ಕೆ ಹಗ್ಗದಿಂದ ಕಟ್ಟುತ್ತಿದ್ದರು. ಒಮ್ಮೆ ನಾನು ಮೈಮರೆತು ರೆಕ್ಕೆ ಕಡೆಯ ಬಾಗಿಲ ಅಗುಳಿಗೆ ಕೈಹಾಕಿದೆ. ಮಾಯ್ಕತ್ತೆ ಹಿಂದಿನಿಂದ ಜಡೆ ಹಿಡಿದು ಎಳೆದಳು.

‘ನಿಮ್ಮಮ್ಮಂಗೆ ಮಕ್ಕಳು ಜಾಸ್ತಿ, ಒಂದು ಕಮ್ಮಿಯಾದ್ರೆ ಗೊತ್ತಾಗಲ್ಲ ಅಂದ್ಕೊಂಡಿದೀಯೇನೇ?’ ಎಂದಳು. ‘ಗೊತ್ತಾಗುತ್ತೆ ಕಣೆ. ಊಟಕ್ಕೆ ಕೂತಾಗ ಆಲೂಗಡ್ಡೆ ಉಳಿಯುತ್ತಲ್ಲ.’

ಬೈದಾದ ಮೇಲೆ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಹೊಗೆಯಲ್ಲಿ ಒಣಗಿಸಿದ ಹಾವುಮೀನಿನ ತುಂಡು ಇಟ್ಟು ಕೊಡುತ್ತಿದ್ದಳು. ಆ ಮನೆಯಲ್ಲಿ ಎಲ್ಲಕ್ಕೂ ಆ ಹೊಗೆಯದೇ ವಾಸನೆ, ಪ್ಲೋನಿಯ ಕೂದಲಿಗೂ. ಗಿರಣಿ ತಿರುಗುವಾಗ ನೆಲ, ಗೋಡೆ, ಮೇಜಿನ ಮೇಲಿನ ಲೋಟ ಎಲ್ಲವೂ ಸಣ್ಣಗೆ ಅದುರುತ್ತಿದ್ದವು. ಪ್ಲೋನಿಗೆ ನಮ್ಮ ಮನೆಯಲ್ಲಿ ನಿದ್ದೆ ಬರುತ್ತಿರಲಿಲ್ಲ. ನಿಮ್ಮನೆ ಅಲ್ಲಾಡಲ್ವಲ್ಲ, ಹೆಂಗೆ ಮಲಗ್ತೀರ, ಎಂದು ಕೇಳುತ್ತಿದ್ದಳು.

ನಮಗೆ ಏಳು ವರ್ಷವಿದ್ದಾಗ, ಬೇಸಿಗೆಯಲ್ಲಿ, ಬಾಸ್ತಿಯಾನ್ ಎದೆನೋವೆಂದು ಕೂತವನು ಏಳಲೇ ಇಲ್ಲ. ಅವನ ಹುಟ್ಟೂರು ನದಿಯಾಚೆ. ಅವರ ಮನೆತನದ ಗೋರಿಯಲ್ಲಿ ಹೂಳಲು ದೋಣಿಯಲ್ಲಿ ಒಯ್ದರು. ಆಗ ನಮ್ಮ ಕಡೆ ಹೆಂಗಸರು ಹೂಳುವಲ್ಲಿಗೆ ಹೋಗುತ್ತಿರಲಿಲ್ಲ. ಗಂಡಸರು ಶವಪೆಟ್ಟಿಗೆಯ ಜೊತೆ ಹೊರಟರೆ ಹೆಂಗಸರು ಪರದೆ ಎಳೆದ ಕೋಣೆಯಲ್ಲಿ ಕಾಫಿ ಕಾಯಿಸಿಟ್ಟುಕೊಂಡು ಅವರು ಮರಳುವವರೆಗೆ ಕೂರಬೇಕು. ಗಿರಣಿಮನೆಯ ಹೆಂಗಸಿಗೆ ಮಾತ್ರ ಬೇರೆ ಪದ್ಧತಿ. ಅವಳು ಗಿರಣಿಯಿಂದ ಬೀಳ್ಕೊಡುತ್ತಾಳೆ.

ಅದು ಹೀಗೆ. ಮೊದಲು ರೆಕ್ಕೆಗಳನ್ನು ನಿಲ್ಲಿಸಬೇಕು, ಕೆಳಗಿನ ರೆಕ್ಕೆ ತುಸುವೇ ಮುಂದೆ ದಾಟಿಹೋದಂತೆ, ಓರೆಯಾಗಿ. ಅದನ್ನು ನೋಡಿದರೆ ಮೈಲಿಯಾಚೆಯವರಿಗೂ ಈ ಮನೆಯಲ್ಲಿ ಸಾವಾಗಿದೆ ಎಂದು ತಿಳಿಯುತ್ತದೆ. ದೋಣಿ ಹೊರಟ ಮೇಲೆ ಗಿರಣಿಯ ಮುಖ ಅದರ ಹಿಂದೆಯೇ ತಿರುಗಬೇಕು. ಗಿರಣಿಯ ಹಿಂಬದಿಯಲ್ಲಿ, ನೆಲದ ಹತ್ತಿರ, ದೊಡ್ಡದೊಂದು ಚಕ್ರ ಇದೆ. ಅದರ ಕಡ್ಡಿಗಳನ್ನು ಕೈಯಿಂದ ಎಳೆದು ಕಾಲಿಂದ ತುಳಿದರೆ ಮೇಲಿನ ತಲೆ ರೆಕ್ಕೆಗಳ ಸಮೇತ ಇಂಚಿಂಚಾಗಿ ತಿರುಗುತ್ತದೆ. ಮಾಯ್ಕತ್ತೆ ಅಂದು ಕಪ್ಪು ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಚಕ್ರ ತುಳಿದಳು. ದೋಣಿ ಕಾಲುವೆಯಲ್ಲಿ ತೇಲಿದ ಹಾಗೆಲ್ಲ ಗಿರಣಿಯೂ ಅದನ್ನೇ ನೋಡುತ್ತ ತಿರುಗಿತು. ಪ್ಲೋನಿ ನನ್ನ ಕೈ ಹಿಡಿದುಕೊಂಡು ನಿಂತಿದ್ದಳು.

‘ಅಮ್ಮ, ಅಪ್ಪ ಹಿಂದೆ ತಿರುಗಿ ನೋಡಿದ್ರೆ ನಮ್ಮನೆ ಕಾಣುತ್ತಲ್ವಾ?’ ಎಂದಳು.

‘ಕಾಣದೆ ಏನು. ಅವ್ನು ಅಲ್ಲಿ ತಲುಪೋವರೆಗೂ ಕಾಣುತ್ತೆ.’

ಬೇಸಿಗೆ ಒಣಗಿತ್ತು. ನೀರೆತ್ತುವ ಅವಸರ ಇರಲಿಲ್ಲ. ಪದ್ಧತಿಯಂತೆ ಗಿರಣಿ ಶೋಕದ ವಾರಗಳಷ್ಟೂ ಹಾಗೆಯೇ ನದಿಯಾಚೆಗೆ ಮುಖ ಮಾಡಿ ನಿಂತಿತು. ಏರಿಯ ಮೇಲೆ ಹೋಗುವವರು ಅಲ್ಲಿಗೆ ಬಂದಾಗ ಮಾತು ತಗ್ಗಿಸುತ್ತಿದ್ದರು. ಆ ಶೋಕದ ಅವಧಿ ಮುಗಿದ ದಿನ ಮಾಯ್ಕತ್ತೆ ಗಿರಣಿಯನ್ನು ಗಾಳಿಗೆ ತಿರುಗಿಸಿ, ಪ್ರತಿ ಸೋಮವಾರದಂತೆ ಬಟ್ಟೆ ಒಗೆದು ಹರವಿ, ನಮ್ಮಮ್ಮನ ಹತ್ತಿರ ಬಂದು, ‘ಅವನನ್ನ ಸರಿಯಾಗಿ ಕಳಿಸ್ಕೊಟ್ಟೆ ಹಿಲ್ಲೆ. ಇನ್ನು ಅತ್ರೂ ಪರವಾಗಿಲ್ಲ,’ ಎಂದಳು. ಆಮೇಲೆ ನಮ್ಮ ಅಡುಗೆಮನೆಯಲ್ಲಿ ಕೂತು ಜೋರಾಗಿ ಅತ್ತಳು. ದೊಡ್ಡವರು ಹಾಗೆ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಗಿರಣಿ, ಏರಿ, ಕಾಲುವೆಗಳ ಉಸ್ತುವಾರಿ ನೋಡುವ ನೀರಿನ ಮಂಡಳಿಯವರು ಹೆಂಗಸಿನ ಕೈಗೆ ಗಿರಣಿಯೇ ಎಂದು ಮೂಗು ಮುರಿದರು. ಆ ಚಳಿಗಾಲ ಒಂದು ಮನೆಯ ಅಂಗಳವೂ ನೆನೆಯದಿದ್ದುದನ್ನು ನೋಡಿ ಬಾಯಿ ಮುಚ್ಚಿಕೊಂಡರು.

ಎರಡು ವರ್ಷ ಕಳೆದ ಮೇಲೆ, ಎಲೆ ಉದುರುವ ಕಾಲದಲ್ಲಿ, ಮಳೆ ಹಿಡಿಯಿತು. ಮಳೆಯೆಂದರೆ ನಮಗೇನು ಹೊಸದಲ್ಲ. ಆದರೆ ಆ ಸಲ ಮಳೆಯ ಜೊತೆ ಗಾಳಿ ಬರಲಿಲ್ಲ. ಗಾಳಿ ಹಿಡಿಯಲು ರೆಕ್ಕೆಗಳಿಗೆ ಕಟ್ಟುವ ಬಟ್ಟೆ ಒದ್ದೆಯಾಗಿ ಜೋತುಬಿತ್ತು. ದಿನವೂ ನೀರು ಏರುತ್ತಿತ್ತು. ಹುಲ್ಲುಗಾವಲು ಮುಳುಗಿತು, ಆಲೂಗಡ್ಡೆಯ ರಾಶಿ ಕೊಳೆಯಿತು. ಅದೇ ವಾರ ಪ್ಲೋನಿಗೆ ಗಂಟಲಮಾರಿ ಬಂತು. ಅಂಟುವ ರೋಗವೆಂದು ನನ್ನನ್ನು ಗಿರಣಿಯ ಹತ್ತಿರಕ್ಕೂ ಬಿಡಲಿಲ್ಲ. ನಾನು ಏರಿಯ ಮೇಲೆ ನಿಂತು ಕಿಟಕಿಯ ಕಡೆ ಕೈ ಬೀಸುತ್ತಿದ್ದೆ. ಮೊದಲ ದಿನ ಅವಳೂ ಬೀಸಿದಳು. ಮಾರನೆಯ ದಿನ ಮಾಯ್ಕತ್ತೆ ಬೀಸಿದಳು. ಆಮೇಲೆ ಯಾರೂ ಬೀಸಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಕೆಳಗಿನ ರೆಕ್ಕೆ ತುಸುವೇ ಮುಂದೆ ದಾಟಿ ನಿಂತಿತ್ತು. ನನಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

ನದಿ ತುಂಬಿ ಹರಿಯುತ್ತಿತ್ತು, ದಾಟುವಂತಿರಲಿಲ್ಲ. ಅದಕ್ಕೇ ಪ್ಲೋನಿಯನ್ನು ಅಪ್ಪನ ಪಕ್ಕಕ್ಕೆ ಒಯ್ಯಲು ಆಗಲಿಲ್ಲ. ನಮ್ಮೂರಿನ ಪೂರ್ವಕ್ಕೆ ಒಂದು ಗೋರಿದಿಬ್ಬವಿದೆ, ಅಲ್ಲೇ ಹೂಳುವುದೆಂದಾಯಿತು. ಮಾಯ್ಕತ್ತೆ ನಮ್ಮಮ್ಮನಿಗೆ ಹೇಳಿದ್ದು ಒಂದೇ ಮಾತು. ‘ಅಪ್ಪನೂ ಜೊತೇಲಿಲ್ಲ, ನಾನೂ ಹೋಗೋ ಹಂಗಿಲ್ಲ. ಗಿರಣಿಯಾದ್ರೂ ಅವಳನ್ನ ನೋಡ್ತಾ ಇರ್ಬೇಕು ಹಿಲ್ಲೆ. ಮಗು ಒಂಟಿ ಅಂದ್ಕೋಬಾರದು.’

ಹೂಳುವ ದಿನ ಬೆಳಿಗ್ಗೆ ಗಾಳಿ ಎದ್ದಿತು. ಅಷ್ಟು ದಿನ ಸತ್ತುಬಿದ್ದಿದ್ದ ಹಾಳು ಗಾಳಿ ಅಂದೇ ಏಳಬೇಕೆ? ಪಶ್ಚಿಮದಿಂದ, ಒಳ್ಳೆ ಭರದ ಗಾಳಿ. ನನ್ನಪ್ಪ ಲೇಂದರ್ತ್ ಮತ್ತು ಪಕ್ಕದ ಹೊಲದ ಆರೀ ಇಬ್ಬರೂ ಗಿರಣಿಗೆ ಹೊರಟರು. ಬೇಡವೆಂದರೂ ನಾನು ಅಪ್ಪನ ಹಿಂದೆ ಹೋದೆ. ಮಾಯ್ಕತ್ತೆ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಪೆಟ್ಟಿಗೆಯ ಒಂದು ಮೂಲೆ ಕಾಣುತ್ತಿತ್ತು.

‘ಮಾಯ್ಕೆ, ಗಾಳಿ ಬಂತು,’ ಎಂದ ಅಪ್ಪ. ಟೋಪಿ ಕೈಯಲ್ಲಿತ್ತು.

‘ಕಿವಿ ಇದೆ ನಂಗೆ.’

‘ನೀರು ನಮ್ಮ ಹೊಸ್ತಿಲು ದಾಟಿದೆ. ಹಸುಗಳು ಮೊಣಕಾಲುದ್ದ ನೀರಲ್ಲಿ ನಿಂತಿವೆ. ಮುದುಕಿ, ನಮ್ಮಮ್ಮನ್ನ ಅಟ್ಟಕ್ಕೆ ಏರ್ಸಿದೀನಿ. ಅವಳ ಎದೆ ನಿನಗೆ ಗೊತ್ತಲ್ಲ, ಆ ಚಳೀಲಿ ಇನ್ನೊಂದು ದಿನ ತಡೆಯಲ್ಲ.’

‘ಗೊತ್ತು.’

‘ನೀನು ಕೂತ್ಕೊ, ನಾವೇ ಓಡಿಸ್ತೀವಿ,’ ಎಂದ ಆರೀ.

‘ಯಾರು ಓಡಿಸಿದ್ರೂ ಮುಖ ಗಾಳಿ ಕಡೆಗೇ ಇರ್ಬೇಕಲ್ಲ ಆರೀ. ಗಾಳಿ ಆ ಕಡೆ. ನನ್ನ ಮಗು ಈ ಕಡೆ ಹೋಗುತ್ತೆ.’

ಅಪ್ಪ ಟೋಪಿಯ ಅಂಚು ತಿರುಗಿಸುತ್ತ ನಿಂತ. ಗಿರಣಿಯನ್ನು ಪೂರ್ತಿ ಪೂರ್ವಕ್ಕೆ ತಿರುಗಿಸಿ, ದೋಣಿ ಮುಟ್ಟುವವರೆಗೆ ನಿಲ್ಲಿಸಿ, ಮತ್ತೆ ಗಾಳಿಗೆ ತಂದು ರೆಕ್ಕೆಗೆ ಬಟ್ಟೆ ಕಟ್ಟುವುದೆಂದರೆ ಅರ್ಧ ದಿನದ ಕೆಲಸ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

‘ಅವಳು ದಿಬ್ಬ ಮುಟ್ಟೋವರೆಗೆ ಬಿಟ್ಬಿಡಿ ಲೇಂದರ್ತ್,’ ಎಂದಳು ಮಾಯ್ಕತ್ತೆ. ಅವಳು ಯಾರನ್ನಾದರೂ ಬೇಡಿಕೊಂಡದ್ದನ್ನು ನಾನು ಕೇಳಿರಲಿಲ್ಲ. ‘ಆಮೇಲೆ ನನ್ನ ಕೈ ಬಿದ್ದುಹೋಗೋವರೆಗೂ ಓಡಿಸ್ತೀನಿ. ಇದೊಂದೇ ಕೇಳೋದು.’

‘ಅಷ್ಟು ಹೊತ್ತೂ ಈ ಗಾಳಿ ಇರುತ್ತೆ ಅಂತ ನೀನೇ ಹೇಳ್ಬಿಡು ಮಾಯ್ಕೆ. ನಾವು ಹೋಗ್ತೀವಿ. ನಿನ್ನ ಮಾತೇ ಸಾಕು.’

ಅವಳು ಹೊರಗೆ ಬಂದು ಆಕಾಶ ನೋಡಿದಳು. ಮೋಡ ಓಡುವುದನ್ನು ನೋಡಿದಳು, ಕಾಲುವೆಯ ನೀರಿನ ಮೇಲೆ ಗಾಳಿ ಬಿಡಿಸುವ ಗೆರೆಗಳನ್ನು ನೋಡಿದಳು. ಇರುತ್ತೆ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅಪ್ಪ ನಂಬುತ್ತಿದ್ದ. ಗಾಳಿಯ ವಿಷಯದಲ್ಲಿ ಅವಳ ಮಾತಿಗೆ ಊರಲ್ಲಿ ಎದುರು ಮಾತಿರಲಿಲ್ಲ.

‘ಹೇಳೋಕಾಗಲ್ಲ,’ ಎಂದಳು.

ಒಳಗೆ ಹೋಗಿ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಹೊರಗೆ ಬಂದು ರೆಕ್ಕೆಗಳಿಗೆ ತಾನೇ ಬಟ್ಟೆ ಕಟ್ಟಿದಳು. ಆರೀ ನೆರವಿಗೆ ಹೋದಾಗ, ‘ನೀನು ಮಗು ಹತ್ರ ಹೋಗು, ಅವಳಿಗೆ ಹೊರೋರು ಬೇಕು,’ ಎಂದು ಕಳಿಸಿದಳು. ಚಕ್ರ ತುಳಿದು ಗಿರಣಿಯ ಮುಖವನ್ನು ಪಶ್ಚಿಮಕ್ಕೆ ತಿರುಗಿಸಿ ತಡೆಯ ಹಗ್ಗ ಸಡಿಲಿಸಿದಳು. ರೆಕ್ಕೆಗಳು ತಿರುಗತೊಡಗಿದವು. ಆ ಸದ್ದಿನಲ್ಲೇ ಪ್ಲೋನಿಯ ದೋಣಿ ಹೊರಟಿತು. ಗಿರಣಿ ಅವಳಿಗೆ ಬೆನ್ನು ಕೊಟ್ಟು ನಿಂತಿತ್ತು. ನನ್ನ ಪ್ಲೋನಿಗೆ, ಅಲ್ಲಾಡದ ಮನೆಯಲ್ಲಿ ನಿದ್ದೆ ಬಾರದವಳಿಗೆ.

ಮಾಯ್ಕತ್ತೆ ಒಮ್ಮೆಯೂ ದೋಣಿಯ ಕಡೆ ತಿರುಗಿ ನೋಡಲಿಲ್ಲವೆಂದು ಹೆಂಗಸರು ಆಮೇಲೆ ಆಡಿಕೊಂಡರು. ಆಡಿಕೊಳ್ಳುವವರ ಬಾಯಿಗೆ ಏನು ಬೇಕಾದರೂ ಬರುತ್ತದೆ. ಅಂಥ ಗಾಳಿಯಲ್ಲಿ ರೆಕ್ಕೆಯಿಂದ ಕಣ್ಣು ತೆಗೆದರೆ ಗಿರಣಿಯೇ ಮುರಿದುಬಿದ್ದೀತು. ತಡೆಯ ಹಗ್ಗ ಕೈಯಲ್ಲಿ ಹಿಡಿದವರು ಎಲ್ಲಿಗೂ ತಿರುಗುವಂತಿಲ್ಲ. ನಾನು ಗಿರಣಿಮನೆಯಲ್ಲಿ ಹೆಂಗಸರ ಜೊತೆ ಕೂತು ಪರದೆಯ ಸಂದಿಯಿಂದ ಅವಳನ್ನೇ ನೋಡುತ್ತಿದ್ದೆ. ಹಗ್ಗ ಹಿಡಿದು ತಲೆಯೆತ್ತಿ ನಿಂತಿದ್ದಳು, ಮುಖವೆಲ್ಲ ಒದ್ದೆಯಾಗಿತ್ತು, ಬಾಯಿ ಏನೋ ಹೇಳುತ್ತಲೇ ಇತ್ತು. ರೆಕ್ಕೆಯ ಅಬ್ಬರದಲ್ಲಿ ಏನೂ ಕೇಳಿಸಲಿಲ್ಲ.

ಗಾಳಿ ಸಂಜೆಯೊಳಗೆ ನಿಂತುಹೋಯಿತು. ಅಷ್ಟರಲ್ಲಿ ನೀರು ನಮ್ಮ ಹೊಸ್ತಿಲಿನಿಂದ ಇಳಿದಿತ್ತು. ಅಟ್ಟದಲ್ಲಿದ್ದ ನನ್ನಜ್ಜಿ ಬದುಕಿದಳು. ಅಪ್ಪ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೂ ಆವತ್ತು ಅವನ ಮೇಲೆ ಬಂದ ಸಿಟ್ಟು ನನ್ನಲ್ಲಿ ಇವತ್ತಿಗೂ ಪೂರ್ತಿ ಆರಿಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದಿದ್ದರೆ ಅಪ್ಪಂದಿರೇ ಸಿಗುವುದು.

ಕೆಲವು ದಿನ ಬಿಟ್ಟು ಅಪ್ಪ ಅವಳಿಗೆ ಹೂತ ಜಾಗ ಹೇಳಲು ಹೋದ. ಅವಳು ಕೈ ಅಡ್ಡ ಹಿಡಿದಳು.

‘ಬೇಡ ಲೇಂದರ್ತ್, ಈಗ ಹೇಳ್ಬೇಡ. ಕಳಿಸ್ಕೊಡದೆ ನೋಡೋಕೆ ಹೋಗೋದು ಹೆಂಗೆ? ಗಿರಣಿ ಮೊದಲು ಅವಳ ಕಡೆ ತಿರುಗಲಿ. ಆಮೇಲೆ ನಾನು ಹೋಗ್ತೀನಿ.’

ಮುಂದಿನ ಬೇಸಿಗೆಯಲ್ಲಿ ಅವಳು ಗಿರಣಿಯನ್ನು ಗೋರಿದಿಬ್ಬದ ಕಡೆಗೆ ತಿರುಗಿಸಿ, ರೆಕ್ಕೆಗಳನ್ನು ಸಾವಿನ ಓರೆಯಲ್ಲಿ ನಿಲ್ಲಿಸಿದಳು. ಕಪ್ಪು ಉಡುಪು ತೊಟ್ಟಳು. ಶೋಕದ ವಾರಗಳು ಮುಗಿಯುವವರೆಗೆ ಅದು ಕದಲಬಾರದು. ಒಂದೆರಡು ದಿನ ಕಳೆದಿದ್ದವೋ ಇಲ್ಲವೋ, ಗುಡುಗಿನ ಮಳೆ ಸುರಿಯಿತು. ಮಂಡಳಿಯವನು ಸೈಕಲ್ಲಿನಲ್ಲಿ ಬಂದು ಗಿರಣಿ ತಿರುಗಿಸು ಎಂದ. ತಿರುಗಿಸಿದಳು. ಆಮೇಲೆ ಆ ಪ್ರಯತ್ನವನ್ನೇ ಬಿಟ್ಟಳು.

‘ಅರ್ಧ ದಾರಿಗೆ ಕಳಿಸಿ ವಾಪಸ್ ಎಳ್ಕೊಂಡಂಗಾಯ್ತು ಮಗೂನ,’ ಎಂದಳು ನನಗೆ. ‘ಇನ್ನು ಹಂಗೆ ಮಾಡಲ್ಲ ಲೇನಾ. ಈ ಗಿರಣಿ ಯಾರಿಗೂ ಬೇಡವಾದ ದಿನ ಬರುತ್ತಲ್ಲ, ಆವತ್ತು ಕಳಿಸ್ತೀನಿ.’

ಅವಳು ಬದುಕಿದ ರೀತಿ ನೋಡಿದರೆ ಹೊಸಬರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಬಾಯಿ ಅದೇ ಬಾಯಿ, ತಮಾಷೆ ಅದೇ ತಮಾಷೆ. ಊರಲ್ಲಿ ಯಾರಿಗೆ ಮಗು ಹುಟ್ಟಲಿ, ಯಾರ ಮದುವೆಯಾಗಲಿ, ರೆಕ್ಕೆಗಳನ್ನು ಸಂತೋಷದ ಓರೆಯಲ್ಲಿ, ಕೆಳಗಿನದು ತುಸುವೇ ಹಿಂದೆ ಉಳಿದಂತೆ ನಿಲ್ಲಿಸಿ ಬಣ್ಣದ ಬಟ್ಟೆ ಕಟ್ಟುತ್ತಿದ್ದಳು. ನನ್ನ ಮದುವೆಯ ದಿನವೂ ಕಟ್ಟಿದಳು. ನನ್ನ ಗಂಡನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ‘ಉದ್ದ ಇದಾನೆ, ಪರದೆ ಕಟ್ಟೋಕೆ ಸ್ಟೂಲ್ ಬೇಕಾಗಲ್ಲ ಬಿಡು,’ ಎಂದಳು. ಎಲ್ಲರೂ ನಕ್ಕರು. ಆಮೇಲೆ ನನ್ನ ಕೆನ್ನೆ ಮುಟ್ಟಿ ಮೆಲ್ಲಗೆ, ‘ನಿನ್ನ ದಿನ ಗಾಳಿ ಬರ್ಲಿಲ್ಲ ನೋಡು. ಪುಣ್ಯವಂತೆ ಕಣೆ ನೀನು,’ ಎಂದಳು.

ನಾನು ಗಂಡನ ಜೊತೆ ನದಿಯಾಚೆಯ ಊರಿಗೆ ಹೋದೆ. ಯುದ್ಧ ಬಂತು, ಹೋಯಿತು. ಅದರ ಕೊನೆಯ ಚಳಿಗಾಲದಲ್ಲಿ ಅಪ್ಪ ತೀರಿಕೊಂಡ. ಆರೀ ಅದಕ್ಕೂ ಮೊದಲೇ ಹೋಗಿದ್ದ. ಪ್ಲೋನಿಯನ್ನು ಹೊತ್ತವರಲ್ಲಿ ಒಬ್ಬರೂ ಉಳಿಯಲಿಲ್ಲ. ನಾನೊಮ್ಮೆ ಗೋರಿದಿಬ್ಬಕ್ಕೆ ಹೋಗಿ ಅವಳನ್ನು ಹುಡುಕಿದ್ದೆ. ಕಲ್ಲು ನೆಡದವರ ಸಾಲುಗಳಲ್ಲಿ ಬರೀ ಮರದ ಗೂಟಗಳು, ಎಲ್ಲ ಒಂದೇ ಥರ. ಸಿಗಲಿಲ್ಲ.

ಕೊನೆಗೆ ಕರೆಂಟಿನ ಪಂಪು ಬಂತು. ಇಟ್ಟಿಗೆಯ ಸಣ್ಣ ಕೋಣೆ, ಒಳಗೆ ಗುಂಯ್ ಎನ್ನುವ ಯಂತ್ರ. ಗಾಳಿ ಇದ್ದರೂ ಇಲ್ಲದಿದ್ದರೂ ಅದಕ್ಕೆ ಒಂದೇ. ಗಿರಣಿಯನ್ನು ಕೆಡವುವುದಿಲ್ಲ, ಹಳೆಯ ಕಾಲದ ನೆನಪಿಗೆ ಉಳಿಸಿಕೊಳ್ಳುತ್ತೇವೆ, ಮಾಯ್ಕೆ ಅಲ್ಲೇ ಇರಬಹುದು ಎಂದರು ಮಂಡಳಿಯವರು. ಮಾಯ್ಕತ್ತೆ ನನಗೆ ಹೇಳಿಕಳಿಸಿದಳು: ಗಂಡನನ್ನೂ ಕರ್ಕೊಂಡು ಬಾ, ಚಕ್ರ ತುಳಿಯೋಕೆ ಈಗ ನನ್ನ ಕಾಲಲ್ಲಿ ಕಸುವಿಲ್ಲ.

ಹೋದೆವು. ಕಪ್ಪು ಉಡುಪು ತೊಟ್ಟು ಕಾಯುತ್ತಿದ್ದಳು. ನನ್ನ ಗಂಡ ಚಕ್ರ ತುಳಿದ, ನಾನು ಎಳೆದೆ, ಅವಳು ಪಕ್ಕದಲ್ಲಿ ನಿಂತು, ‘ಇನ್ನೂ, ಇನ್ನೂ ಒಂಚೂರು,’ ಎನ್ನುತ್ತಿದ್ದಳು. ಮುಖ ನೆಟ್ಟಗೆ ಗೋರಿದಿಬ್ಬಕ್ಕೆ ತಿರುಗಿದ ಮೇಲೆ ರೆಕ್ಕೆಗಳನ್ನು ತಾನೇ ನಿಲ್ಲಿಸಿದಳು, ಕೆಳಗಿನದು ತುಸುವೇ ದಾಟಿದಂತೆ. ಶೋಕದ ವಾರಗಳು ಮುಗಿಯುವವರೆಗೆ ಅದು ಹಾಗೇ ನಿಂತಿತು. ಮಳೆಯೂ ಬಂತು, ಗಾಳಿಯೂ ಬಂತು, ಯಾರೂ ಬಂದು ತಿರುಗಿಸು ಎನ್ನಲಿಲ್ಲ. ಕೊನೆಯ ದಿನ ನಾನು ಮತ್ತೆ ಹೋದೆ. ಕಾಫಿ ಕೊಟ್ಟಳು, ಹೂಳುವ ದಿನ ಹಂಚುವ ಒಣದ್ರಾಕ್ಷಿ ಬ್ರೆಡ್ಡು ಕೊಟ್ಟಳು. ಅವಳ ಮುಖ ಅಷ್ಟು ಹಗುರವಾಗಿದ್ದುದನ್ನು ಪ್ಲೋನಿ ಹೋದ ಮೇಲೆ ನಾನು ನೋಡಿರಲಿಲ್ಲ.

‘ಕಳಿಸ್ಕೊಟ್ಟೆ ಲೇನಾ,’ ಎಂದಳು. ‘ಈಗ ನೋಡೋಕೆ ಹೋಗೋಣ ನಡಿ.’

ಅಂಗಳದ ಸೇವಂತಿಗೆ ಕೊಯ್ದುಕೊಂಡು, ನನ್ನ ತೋಳು ಹಿಡಿದು ಏರಿಯ ಮೇಲೆ ನಡೆದಳು. ದಾರಿಯುದ್ದಕ್ಕೂ ಮಾತು. ಮಗಳು ಇದ್ದಿದ್ದರೆ ಈಗ ನನ್ನಷ್ಟೇ ದಪ್ಪ ಆಗಿರುತ್ತಿದ್ದಳು ಎಂದು ನನ್ನನ್ನು ರೇಗಿಸಿದಳು. ಗೋರಿದಿಬ್ಬದಲ್ಲಿ ಯೋಸ್ಟ್ ಬೇಲಿ ಕತ್ತರಿಸುತ್ತಿದ್ದ. ಬೇರೆ ಊರಿನಿಂದ ಬಂದು ಗೋರಿ ಅಗೆಯುವ ಕೆಲಸಕ್ಕೆ ಸೇರಿದವನು, ಒಳ್ಳೆಯ ಹುಡುಗ.

‘ಬಾಸ್ತಿಯಾನನ ಮಗಳು ಪ್ಲೋನಿ,’ ಎಂದಳು ಮಾಯ್ಕತ್ತೆ. ‘ಆ ದೊಡ್ಡ ನೆರೆ ಬಂದ ವರ್ಷ ಹೋದವಳು. ಎಲ್ಲಿದಾಳೆ ತೋರ್ಸಪ್ಪ.’

ಅವನು ಕತ್ತರಿ ಕೆಳಗಿಟ್ಟ. ‘ನೆರೆ ವರ್ಷದವರೆಲ್ಲ ಮೂರನೇ ಸಾಲಮ್ಮ,’ ಎಂದು ಕೈ ತೋರಿಸಿದ. ಅಲ್ಲಿ ಹೊಸ ಕಲ್ಲುಗಳಿದ್ದವು. ಮೊನ್ನೆ ಮೊನ್ನೆ ಸತ್ತವರ ಹೆಸರುಗಳು.

ನಮ್ಮ ಕಡೆ ಒಣ ನೆಲ ಕಡಿಮೆ. ಕಲ್ಲಿಲ್ಲದ ಸಾಲುಗಳನ್ನು ಬಹಳ ವರ್ಷಗಳಾದ ಮೇಲೆ ಅಗೆದು, ಉಳಿದ ಮೂಳೆಗಳನ್ನೆಲ್ಲ ಒಟ್ಟಿಗೆ ಮೂಲೆಯ ಗುಂಡಿಗೆ ಹಾಕಿ, ಜಾಗವನ್ನು ಹೊಸಬರಿಗೆ ಕೊಡುತ್ತಾರೆ. ಎಲ್ಲರಿಗೂ ಗೊತ್ತಿರುವ ಪದ್ಧತಿ. ಅದು ಪ್ಲೋನಿಯ ಗೋರಿಗೂ ಬಂದೀತೆಂದು ನನಗೂ ಅವಳಿಗೂ ಹೊಳೆದಿರಲೇ ಇಲ್ಲ.

‘ತೆಗೆದು ಎರಡು ವರ್ಷ ಆಯ್ತಮ್ಮ,’ ಎಂದ ಯೋಸ್ಟ್. ಪಾಪ, ಅವನ ಮುಖ ಸಣ್ಣದಾಗಿತ್ತು. ‘ಪಾದ್ರಿಗಳು ಎರಡು ಭಾನುವಾರ ಚರ್ಚಲ್ಲಿ ಹೇಳಿದ್ರು. ಮೂರನೇ ಸಾಲು ತೆಗೀತೀವಿ, ಬೇಡ ಅನ್ನೋರು ಬಂದು ಹೇಳಿ ಅಂತ. ಅಲ್ಲಿನ ಒಂದೇ ಒಂದು ಗೂಟದ ಬಗ್ಗೆನೂ ಯಾರೂ ಬಂದು ಕೇಳಲಿಲ್ಲ.’

ಮಾಯ್ಕತ್ತೆ ಯಾರದೋ ಕಲ್ಲಿನ ಅಂಚಿನ ಮೇಲೆ ಕೂತಳು. ಹೂವು ಮಡಿಲಲ್ಲೇ ಇತ್ತು. ನಾನು ಅವಳ ಹೆಗಲ ಮೇಲೆ ಕೈಯಿಟ್ಟೆ. ಆಮೇಲೆ ನನ್ನ ಕಡೆಗೂ ನೋಡದೆ, ಯೋಸ್ಟ್ ಕಡೆಗೂ ನೋಡದೆ ಹೇಳಿದಳು:

‘ಎರಡು ಭಾನುವಾರಾನೂ ನಾನು ಚರ್ಚಲ್ಲೇ ಇದ್ದೆ ಲೇನಾ. ಮೂರನೇ ಸಾಲು ಅಂದ್ರು. ನನ್ನ ಮಗು ಯಾವ ಸಾಲಲ್ಲಿದೆ ಅಂತ ನಂಗೇನು ಗೊತ್ತು? ಯಾರೂ ಏಳ್ಲಿಲ್ಲ. ಎಂಥ ಜನವೋ, ತಮ್ಮೋರಿಗಾಗಿ ಎದ್ದು ಬೇಡ ಅನ್ನೋಕೂ ಆಗಲ್ವಲ್ಲ ಇವ್ರಿಗೆ ಅಂತ, ಪಕ್ಕದಲ್ಲಿ ಕೂತಿದ್ದೋಳ ಕಿವೀಲಿ ನಾನೇ ಅಂದೆ.’